ರೇಡಿಯೇಟರಿನ ಮರಿ ಮತ್ತು ದುರಸ್ತಿಯ ಲೆಕ್ಕ

ಕಾರಿನೊಳಗೆ ಬೆಚ್ಚನೆಯ ಗಾಳಿ ಊದುವ ಹೀಟರ್ ನಮ್ಮ ಕಡೆಯವರಿಗೆ ಅಷ್ಟಾಗಿ ಪರಿಚಿತವಾದ ವಸ್ತುವಲ್ಲ. ಹಾಸನದಲ್ಲೋ ಮೈಸೂರಿನಲ್ಲೋ ಚಳಿಯೆನಿಸಿದರೆ ಕಿಟಕಿಯ ಗಾಜು ಏರಿಸಿ, ಕಿವಿಗೆ ಮಫ್ಲರ್ ಸುತ್ತಿಕೊಂಡರೆ ಮುಗಿಯಿತು. ನಾನು ಹಲವು ವರ್ಷಗಳಿಂದ ನೆಲೆಸಿರುವ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹಾಗಲ್ಲ. ನವೆಂಬರ್ ಬಂದಿತೆಂದರೆ ಅಲ್ಲಿ ಹೀಟರಿಲ್ಲದ ಕಾರನ್ನು ರಸ್ತೆಗಿಳಿಸುವುದು ಅಪಾಯಕ್ಕೆ ಆಹ್ವಾನ ಕೊಟ್ಟಂತೆ. ಒಳಗಿರುವವರ ಮೈ ಬೆಚ್ಚಗಿಡುವುದು ಅದರ ಎರಡನೆಯ ಕೆಲಸ. ಮುಂದಿನ ಗಾಜಿನ ಮೇಲೆ ಕವಿಯುವ ಮಂಜನ್ನು ಕರಗಿಸಿ ದಾರಿ ಕಾಣಿಸುವುದು ಮೊದಲನೆಯದು.

ಈ ಮಾತಿನ ಅರ್ಥ ನನಗೆ ಸರಿಯಾಗಿ ಮನವರಿಕೆಯಾದದ್ದು 2018ರ ನವೆಂಬರಿನ ಒಂದು ಸಂಜೆ. ಊರಿನಿಂದ ಬಂದಿದ್ದ ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಹಳೆಯ ಕಾರಿನಲ್ಲಿ ಮನೆಗೆ ಮರಳುತ್ತಿದ್ದೆ. ಕಾರು 1966ರ ಫೋರ್ಡ್ ಮಸ್ಟಾಂಗ್, ಆರು ಸಿಲಿಂಡರಿನದು. ಇದ್ದಕ್ಕಿದ್ದಂತೆ ಮುಂದಿನ ಗಾಜು ಮಸುಕಾಗತೊಡಗಿತು. ಹೀಟರಿನ ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿದರೆ ಮಸುಕು ಇನ್ನಷ್ಟು ಹೆಚ್ಚಿತು. ಬಟ್ಟೆಯಿಂದ ಒರೆಸಿದರೆ ಎಣ್ಣೆ ಸವರಿದಂತೆ ಹರಡಿಕೊಂಡಿತು. ಎದುರಿನಿಂದ ಬರುತ್ತಿದ್ದ ವಾಹನಗಳ ದೀಪಗಳು ಒಡೆದು ನೂರಾಗಿ ಕಾಣುತ್ತಿದ್ದವು. ರಸ್ತೆ ದಾಟಲು ನಿಂತಿದ್ದ ವ್ಯಕ್ತಿಯೊಬ್ಬ ನನ್ನ ಕಣ್ಣಿಗೆ ಬಿದ್ದದ್ದು ಕಾರು ಅವನನ್ನು ಹಾದುಹೋದ ಮೇಲೆ. ಎದೆ ಝಲ್ಲೆಂದಿತು. ಬದಿಗೆ ಸರಿದು ನಿಲ್ಲಿಸಿದೆ. ಆಗ ತಂದೆಯವರು, 'ಕಾಲಡಿ ಒದ್ದೆಯಾಗಿದೆ ಕಣೋ. ಏನೋ ಸಿಹಿ ವಾಸನೆ ಬೇರೆ' ಎಂದರು.

ಒದ್ದೆ ನೆಲ, ಸಿಹಿ ವಾಸನೆ, ಒರೆಸಿದರೂ ಹೋಗದ ಜಿಡ್ಡು ಮಂಜು. ಹಳೆಯ ಕಾರು ಇಟ್ಟುಕೊಂಡವರಿಗೆ ಈ ಮೂರು ಲಕ್ಷಣಗಳು ಸಾಕು. ಹೀಟರ್ ಕೋರ್ ಸೋರುತ್ತಿದೆ ಎಂದೇ ಅರ್ಥ.

ವ್ಯರ್ಥವಾಗುವ ಶಾಖದ ಬಳಕೆ

ಪೆಟ್ರೋಲ್ ಎಂಜಿನ್ನು ಇಂಧನದ ಶಕ್ತಿಯಲ್ಲಿ ಸುಮಾರು ಕಾಲು ಭಾಗವನ್ನಷ್ಟೇ ಚಲನೆಯಾಗಿ ಪರಿವರ್ತಿಸುತ್ತದೆ. ಉಳಿದುದರಲ್ಲಿ ಬಹುಪಾಲು ಶಾಖವಾಗಿ ಹೊಗೆಯ ಕೊಳವೆಯಿಂದಲೂ ರೇಡಿಯೇಟರಿನಿಂದಲೂ ಹೊರಗೆ ಹೋಗುತ್ತದೆ. ಎಂಜಿನ್ನನ್ನು ತಂಪಾಗಿಡಲು ಸುತ್ತುತ್ತಿರುವ ಬಿಸಿ ದ್ರವದ ಒಂದು ಪಾಲನ್ನು ಎರಡು ರಬ್ಬರ್ ಕೊಳವೆಗಳ ಮೂಲಕ ಕಾರಿನ ಒಳಭಾಗಕ್ಕೆ ತಂದು, ಡ್ಯಾಶ್‌ಬೋರ್ಡಿನ ಹಿಂದೆ ದಪ್ಪ ಪುಸ್ತಕದಷ್ಟು ದೊಡ್ಡದಾದ ಒಂದು ಪುಟ್ಟ ರೇಡಿಯೇಟರಿನಲ್ಲಿ ಹರಿಸಿದರೆ, ಅದರ ಮೇಲೆ ಹಾದುಬರುವ ಗಾಳಿ ಬೆಚ್ಚಗಾಗುತ್ತದೆ. ಆ ಪುಟ್ಟ ರೇಡಿಯೇಟರೇ ಹೀಟರ್ ಕೋರ್. ಇಂಥ ಬಿಸಿನೀರಿನ ಹೀಟರುಗಳು 1930ರ ದಶಕದಲ್ಲಿ ಬಳಕೆಗೆ ಬಂದವು. ಹೊರಗಿನ ತಾಜಾ ಗಾಳಿಯನ್ನು ಸೆಳೆದು, ಬಿಸಿಮಾಡಿ ಒಳಗೆ ಬಿಡುವ ವ್ಯವಸ್ಥೆಯನ್ನು ಅಮೆರಿಕದ ನ್ಯಾಶ್ ಕಂಪನಿ 1938ರಲ್ಲಿ ಮಾರುಕಟ್ಟೆಗೆ ತಂದಿತು. ಮೂಲತತ್ವ ಇಂದಿಗೂ ಅದೇ. ಹೇಗೂ ವ್ಯರ್ಥವಾಗುವ ಶಾಖವಾದ್ದರಿಂದ ಇದಕ್ಕೆ ಪ್ರತ್ಯೇಕ ಇಂಧನ ಬೇಕಿಲ್ಲ. ವಿದ್ಯುತ್ ಕಾರಿಗೆ ಈ ಅನುಕೂಲವಿಲ್ಲ; ಒಳಗಿನ ಬಿಸಿಗೂ ಅದು ಬ್ಯಾಟರಿಯನ್ನೇ ಆಶ್ರಯಿಸಬೇಕು. ಚಳಿಗಾಲದಲ್ಲಿ ಅದರ ಓಟದ ದೂರ ಕುಗ್ಗುವುದಕ್ಕೆ ಇದೂ ಒಂದು ಕಾರಣ.

ಮರುದಿನ ಬೆಳಿಗ್ಗೆ ತಂದೆಯವರು ಬಾನೆಟ್ ಎತ್ತಿ ನೋಡಿದರು. ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯ ಡಿಪೊದಲ್ಲಿ ಮೂರು ದಶಕ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು ಅವರು. ಹೀಟರ್ ಕೋರ್ ಎಂಬ ಹೆಸರನ್ನು ಅದುವರೆಗೆ ಕೇಳಿರಲಿಲ್ಲ. ನಾನು ವಿವರಿಸಿದೊಡನೆ, 'ಅಷ್ಟೇ ತಾನೆ? ರೇಡಿಯೇಟರಿನ ಮರಿ ಕಣೋ ಇದು' ಎಂದುಬಿಟ್ಟರು. ಅದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಯಾವ ಕೈಪಿಡಿಯಲ್ಲೂ ಓದಿಲ್ಲ.

ಬಿಚ್ಚುವ ಮುನ್ನ ಒಂದು ಸಂಶಯವನ್ನು ನಿವಾರಿಸಿಕೊಳ್ಳಬೇಕಿತ್ತು. ಆ ಕಾಲದ ಮಸ್ಟಾಂಗಿನಲ್ಲಿ ಮುಂದಿನ ಗಾಜಿನ ಬುಡದ ಜಾಲರಿಯ ಕೆಳಗೆ ಗಾಳಿ ಒಳಬರಲು ತಗಡಿನ ಒಂದು ಪೊಳ್ಳು ಅಂಕಣವಿದೆ. ಅಲ್ಲಿ ಎಲೆ, ಮಣ್ಣು ಸೇರಿ, ತೇವ ನಿಂತು ತುಕ್ಕು ಹಿಡಿದರೆ ಮಳೆನೀರು ನೇರವಾಗಿ ಒಳಗೆ ತೊಟ್ಟಿಕ್ಕುತ್ತದೆ. ಅದನ್ನು ಹೀಟರಿನ ದೋಷವೆಂದು ಭಾವಿಸಿ ಇಡೀ ಪೆಟ್ಟಿಗೆ ಬಿಚ್ಚಿ ಪೇಚಿಗೆ ಸಿಕ್ಕಿದವರುಂಟು. ಜಾಲರಿಯ ಮೇಲೆ ಒಂದು ಬಿಂದಿಗೆ ನೀರು ಸುರಿದು ನೋಡಿದೆವು; ಒಳಗೆ ಹನಿ ಬೀಳಲಿಲ್ಲ. ನೆಲಹಾಸನ್ನು ಮುಟ್ಟಿದರೆ ಬೆರಳಿಗೆ ಜಾರುವಂಥ ಅಂಟು. ನೀರಿಗೆ ಆ ಗುಣವಿಲ್ಲ. ಅದು ಕೂಲಂಟ್, ಅಂದರೆ ಎಥಿಲೀನ್ ಗ್ಲೈಕಾಲ್ ಬೆರೆತ ದ್ರವ.

ಈ ದ್ರವದ ಬಗ್ಗೆ ಎರಡು ಮಾತು ಅಗತ್ಯ. ನಮ್ಮ ಬಸ್ಸುಗಳ ರೇಡಿಯೇಟರಿಗೆ ತಂದೆಯವರ ಕಾಲದಲ್ಲಿ ಸುರಿಯುತ್ತಿದ್ದುದು ಬರಿಯ ಬಾವಿನೀರು. ಮಿಷಿಗನ್ನಿನ ಚಳಿಯಲ್ಲಿ ಬರಿ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಎಂಜಿನ್ನಿನ ಕಬ್ಬಿಣವೇ ಸೀಳಬಹುದು. ಗ್ಲೈಕಾಲ್ ಮತ್ತು ನೀರನ್ನು ಸಮಸಮ ಬೆರೆಸಿದರೆ ಸೊನ್ನೆಗಿಂತ ಸುಮಾರು 37 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೂ ಹೆಪ್ಪುಗಟ್ಟುವುದಿಲ್ಲ. ಆದರೆ ಅದರ ಸಿಹಿ ಮೋಸದ ಸಿಹಿ. ಅದು ಮೂತ್ರಪಿಂಡಗಳನ್ನು ಹಾಳುಮಾಡುವ ವಿಷ; ನೆಲಕ್ಕೆ ಬಿದ್ದುದನ್ನು ನೆಕ್ಕಿ ನಾಯಿ, ಬೆಕ್ಕುಗಳು ಸತ್ತ ಪ್ರಸಂಗಗಳು ಎಷ್ಟೋ. ಅದಕ್ಕೆ ಕಹಿ ಬೆರೆಸಲು ಅಮೆರಿಕದ ತಯಾರಕರು ಒಪ್ಪಿದ್ದು 2012ರ ಕೊನೆಯಲ್ಲಿ. ದ್ರವದಲ್ಲಿರುವ ತುಕ್ಕುನಿರೋಧಕ ರಾಸಾಯನಿಕಗಳಿಗೂ ಆಯುಷ್ಯವಿದೆ. ಸಕಾಲದಲ್ಲಿ ಬದಲಿಸದಿದ್ದರೆ ದ್ರವ ಆಮ್ಲೀಯವಾಗಿ ಒಳಗಿನಿಂದಲೇ ಲೋಹವನ್ನೂ ಬೆಸುಗೆಯನ್ನೂ ತಿನ್ನತೊಡಗುತ್ತದೆ. ನನ್ನ ಕಾರಿನಲ್ಲಿ ಆದದ್ದು ಇದೇ. ಮೂರು ವರ್ಷ ನಾನು ಅದನ್ನು ಬದಲಿಸಿರಲಿಲ್ಲ. ತಪ್ಪು ನನ್ನದೇ.

ಸುಲಭದ ದಾರಿ

ಹೀಟರ್ ಕೋರ್ ಸೋರಿದಾಗ ಎಲ್ಲರೂ ಹೇಳುವ ಸುಲಭೋಪಾಯವೊಂದಿದೆ. ಕೋರಿಗೆ ಹೋಗುವ, ಬರುವ ಎರಡು ಕೊಳವೆಗಳನ್ನು ಕಿತ್ತು ಒಂದಕ್ಕೊಂದು ಜೋಡಿಸಿ ಕ್ಲಾಂಪು ಬಿಗಿದರಾಯಿತು. ಹತ್ತು ನಿಮಿಷದ ಕೆಲಸ. ಎಂಜಿನ್ನು ಯಥಾಪ್ರಕಾರ ಓಡುತ್ತದೆ, ಸೋರಿಕೆ ನಿಲ್ಲುತ್ತದೆ. ನಷ್ಟವಾಗುವುದು ಹೀಟರ್ ಮಾತ್ರ. ಬಿಸಿಲ ನಾಡಿನಲ್ಲಿ ಇದೇನೂ ದೊಡ್ಡ ನಷ್ಟವಲ್ಲ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿಗೆ ಹೆದರಿ ಮಿಷಿಗನ್ನಿನಲ್ಲೂ ಬಹುತೇಕರು ಹಳೆಯ ಕಾರನ್ನು ಆ ತಿಂಗಳುಗಳಲ್ಲಿ ಹೊರಗೆ ತೆಗೆಯುವುದಿಲ್ಲ. ನನಗೂ ಸ್ನೇಹಿತರು ಇದನ್ನೇ ಸೂಚಿಸಿದರು. ನಾನು ಒಪ್ಪಿಯೂ ಇದ್ದೆ. ಆದರೆ ಮಳೆಗಾಲದ, ಮಾಗಿಯ ಸಂಜೆಗಳಲ್ಲಿ ಗಾಜು ಮಸುಕಾಗುವುದಕ್ಕೆ ಹಿಮ ಬೀಳಬೇಕೆಂದಿಲ್ಲ. ಆ ಸಂಜೆ ರಸ್ತೆಯಂಚಿನಲ್ಲಿ ನಿಂತಿದ್ದ ಮನುಷ್ಯ ಕಣ್ಣ ಮುಂದೆ ಸುಳಿದು, ಕೋರನ್ನು ಬದಲಿಸುವುದೆಂದೇ ತೀರ್ಮಾನಿಸಿದೆ.

ಸಮೀಪದ ಗ್ಯಾರೇಜೊಂದರಲ್ಲಿ ವಿಚಾರಿಸಿದಾಗ ಲೆಕ್ಕ ಹೀಗಿತ್ತು: ಹೊಸ ಕೋರಿನ ಬೆಲೆ ಐವತ್ತು ಡಾಲರಿನ ಒಳಗೆ, ಕೂಲಿ ಗಂಟೆಗೆ ನೂರು ಡಾಲರಿಗೂ ಮೇಲೆ, ಕೆಲಸ ಆರೇಳು ಗಂಟೆಯದು. ವಸ್ತುವಿನ ಬೆಲೆಯ ಹತ್ತು ಪಟ್ಟಿಗಿಂತ ಹೆಚ್ಚು ಅದನ್ನು ತಲುಪುವ ಖರ್ಚು. ನಾವೇ ಮಾಡೋಣ ಎಂದರು ತಂದೆಯವರು. ಹೊಸ ಕೋರಿಗೆ ಬೇಡಿಕೆ ಕಳಿಸಿ, ಶನಿವಾರ ಬೆಳಿಗ್ಗೆ ಕೆಲಸಕ್ಕೆ ಇಳಿದೆವು.

ಎಂಜಿನ್ನು ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ಸಂಪರ್ಕ ತಪ್ಪಿಸಿ, ರೇಡಿಯೇಟರಿನ ಬುಡದ ತಿರುಪು ಸಡಿಲಿಸಿ ದ್ರವವನ್ನು ಅಗಲ ತಟ್ಟೆಗೆ ಇಳಿಸಿದೆವು. ಕೊಳವೆಗಳು ಒಣಗಿ ಲೋಹಕ್ಕೆ ಅಂಟಿಕೊಂಡಿದ್ದವು. ಎಳೆಯಲು ಹೋದ ನನ್ನ ಕೈಯನ್ನು ತಂದೆಯವರು ತಡೆದು, ಚಾಕುವಿನಿಂದ ಕೊಳವೆಯನ್ನು ಉದ್ದಕ್ಕೆ ಸೀಳಿ ಸಿಪ್ಪೆಯಂತೆ ಸುಲಿದರು. ಹೊಸ ಕೊಳವೆ ನಾಲ್ಕು ಕಾಸಿಗೆ ಸಿಗುತ್ತದೆ, ಎಳೆದಾಟದಲ್ಲಿ ಒಳಗಿನ ತಾಮ್ರದ ಮೂತಿ ಬಾಗಿದರೆ ದುರಸ್ತಿಯ ಸಾಧ್ಯತೆಯೇ ಹೋಯಿತು ಎಂಬುದು ಅವರ ತರ್ಕ. ಎಂಜಿನ್ನಿನ ಕಡೆಯಿಂದ ತಗಡಿನ ಗೋಡೆಯ ನಟ್ಟುಗಳನ್ನು ತೆಗೆದು, ಒಳಗಡೆ ಕೈಪೆಟ್ಟಿಗೆಯ ರಟ್ಟಿನ ಗೂಡು, ಗಾಜಿಗೆ ಗಾಳಿ ಒಯ್ಯುವ ಕೊಳವೆಗಳು, ಬ್ಲೋವರಿನ ತಂತಿಗಳು, ಮೂರು ನಿಯಂತ್ರಣ ಕೇಬಲ್ಲುಗಳು, ಹೀಗೆ ಒಂದೊಂದಾಗಿ ಬಿಡಿಸಿದೆವು. ಯಾವುದು ಎಲ್ಲಿತ್ತೆಂದು ನಾನು ಫೋಟೊ ತೆಗೆದುಕೊಂಡೆ. ತಂದೆಯವರು ಬಿಚ್ಚಿದ ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ಹಲಗೆಯ ಮೇಲೆ ಸಾಲಾಗಿ ಇಟ್ಟರು. ಕೊನೆಗೆ ಯಾವುದೂ ಉಳಿಯಲಿಲ್ಲ, ಯಾವುದೂ ಸಾಲದೆ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೀಟರಿನ ಪೆಟ್ಟಿಗೆ ಹೊರಬಂತು. ಎರಡು ಹೋಳುಗಳನ್ನು ಹಿಡಿದಿದ್ದ ತಂತಿಯ ಕ್ಲಿಪ್ಪುಗಳನ್ನು ಎಬ್ಬಿಸಿದರೆ ಒಳಗೆ ಪುಡಿಯಾದ ಸ್ಪಂಜು, ಯಾವುದೋ ಕಾಲದ ಇಲಿಗೂಡು ಮತ್ತು ಹಸಿರು ಕಿಲುಬು ಹಿಡಿದ ಕೋರ್.

ಬಕೆಟ್ಟಿನ ಪರೀಕ್ಷೆ

ಹೊಸ ಕೋರ್ ಅಷ್ಟರಲ್ಲಿ ಅಂಚೆಯಲ್ಲಿ ಬಂದು ಕುಳಿತಿತ್ತು. ಆದರೂ ತಂದೆಯವರು ಹಳೆಯದನ್ನು ಬಿಡಲಿಲ್ಲ. ಅದರ ಒಂದು ಮೂತಿಗೆ ಬಿರಡೆ ಹಾಕಿ, ಇನ್ನೊಂದಕ್ಕೆ ಸೈಕಲ್ ಪಂಪ್ ಜೋಡಿಸಿ, ಬಕೆಟ್ ನೀರಿನಲ್ಲಿ ಮುಳುಗಿಸಿದರು. ಟ್ಯೂಬಿನ ಪಂಕ್ಚರ್ ನೋಡುವ ವಿಧಾನವೇ. ಕೊಳವೆ ಮತ್ತು ತೊಟ್ಟಿ ಸೇರುವ ಕಡೆಯಿಂದ ಸಾಸಿವೆ ಕಾಳಿನಂಥ ಗುಳ್ಳೆಗಳು ಎದ್ದವು. ರಂಧ್ರ ಸೂಜಿಯ ಮೊನೆಯಷ್ಟಿತ್ತು. ಜಾಗವನ್ನು ಉಜ್ಜಿ ಬೆಳ್ಳಗೆ ಮಾಡಿ, ಕಾಸಿ, ಬೆಸುಗೆ ಹಾಕಿದರು. ಎಪ್ಪತ್ತು ದಾಟಿದ ಕೈ ಚಳಿಗೆ ನಡುಗುತ್ತಿತ್ತು. ಬೆಸುಗೆಯ ಕಡ್ಡಿ ಲೋಹವನ್ನು ಮುಟ್ಟಿದ ಕ್ಷಣ ಆ ನಡುಕ ನಿಂತಿತು. ಮತ್ತೆ ಮುಳುಗಿಸಿದಾಗ ಒಂದೂ ಗುಳ್ಳೆ ಏಳಲಿಲ್ಲ.

ನನ್ನ ಮನಸ್ಸು ಉಬ್ಬಿತು. ಹೊಸದನ್ನು ಹಿಂದಿರುಗಿಸಿ ಇದನ್ನೇ ಹಾಕೋಣ ಎಂದೆ. ತಂದೆಯ ಕೈಯ ಕೆಲಸ ನನ್ನ ಕಾರಿನಲ್ಲಿರಲಿ ಎಂಬ ಭಾವುಕತೆಯೂ ಅದರಲ್ಲಿತ್ತು. ಅವರು ನಕ್ಕರು. 'ಬಸ್ಸಿನ ರೇಡಿಯೇಟರ್ ಆಗಿದ್ರೆ ಹಾಕು ಅಂತಿದ್ದೆ. ಮತ್ತೆ ಸೋರಿದ್ರೆ ಒಂದೆರಡು ಗಂಟೇಲಿ ಇಳಿಸಬಹುದು. ಇದು ಇನ್ನೊಂದು ಕಡೆ ಸೋರಿದ್ರೆ ಮತ್ತೆ ಇಡೀ ದಿನ ಬಿಚ್ಚಬೇಕು. ಹೊಸದನ್ನೇ ಹಾಕು. ನಾವು ಡಿಪೊದಲ್ಲಿ ಬೆಸುಗೆ ಹಾಕ್ತಿದ್ದದ್ದು ಇಷ್ಟಪಟ್ಟಲ್ಲ, ಹೊಸದು ಸಿಗ್ತಿರಲಿಲ್ಲ ಅಂತ.'

ಹೊಸದನ್ನೇ ಹಾಕಿದೆವು. ಗಾಳಿ ಪಕ್ಕಕ್ಕೆ ನುಸುಳದಂತೆ ಅಂಚುಗಳಿಗೆ ಸ್ಪಂಜಿನ ಪಟ್ಟಿ ಅಂಟಿಸಿ, ಎಲ್ಲವನ್ನೂ ಮರುಜೋಡಿಸಿ, ಹೊಸ ದ್ರವ ತುಂಬಿ, ಒಳಗೆ ಸಿಕ್ಕಿಕೊಂಡ ಗಾಳಿ ಹೊರಹೋಗುವವರೆಗೆ ಎಂಜಿನ್ನು ಓಡಿಸಿದೆವು. ರಾತ್ರಿ ಎಂಟರ ಹೊತ್ತಿಗೆ ಗಾಜಿನ ಬುಡದಿಂದ ಬಿಸಿ ಗಾಳಿ ಬಂತು. ಗಾಜು ತಿಳಿಯಾಯಿತು.

ಗುಣವಲ್ಲ, ಲೆಕ್ಕ

ತಂದೆಯವರ ಆ ಮಾತು ನನ್ನನ್ನು ಬಹುಕಾಲ ಕಾಡಿದೆ. ಭಾರತೀಯರದು ದುರಸ್ತಿಯ ಸಂಸ್ಕೃತಿ, ಪಶ್ಚಿಮದವರದು ಎಸೆಯುವ ಸಂಸ್ಕೃತಿ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹರಿದ ಚಪ್ಪಲಿ ಹೊಲಿಸಿದ್ದು, ಕೊಡೆಯ ಕಡ್ಡಿ ಕಟ್ಟಿಸಿದ್ದು, ಒಂದೇ ಅಂಬಾಸಡರ್ ಕಾರನ್ನು ಎರಡು ತಲೆಮಾರು ಓಡಿಸಿದ್ದು ನಮ್ಮ ಸದ್ಗುಣವೆಂದೇ ನಂಬಿದ್ದೇವೆ. ವಾಸ್ತವದಲ್ಲಿ ಅದರ ಹಿಂದೆ ಇದ್ದುದು ಒಂದು ಲೆಕ್ಕ. ವಸ್ತು ದುಬಾರಿ, ಕೂಲಿ ಅಗ್ಗ. ಅಮೆರಿಕದಲ್ಲಿ ವಸ್ತು ಅಗ್ಗ, ಕೂಲಿ ದುಬಾರಿ. ಲೆಕ್ಕ ತಿರುಗಿದರೆ ನಡತೆಯೂ ತಿರುಗುತ್ತದೆ. ಬೆಂಗಳೂರಿನಲ್ಲಿ ಈಗ ಆಗುತ್ತಿರುವುದು ಅದೇ. ಕೆಟ್ಟ ಮಿಕ್ಸಿಯನ್ನು ರಿಪೇರಿಗೆ ಒಯ್ದರೆ 'ಹೊಸದನ್ನೇ ತೊಗೊಳ್ಳಿ ಸಾರ್' ಎಂಬ ಉತ್ತರ ಬರುತ್ತದೆ. ಹಾಗೆ ಹೇಳುವವನು ಸೋಮಾರಿಯಲ್ಲ. ಅವನೂ ಲೆಕ್ಕ ಹಾಕಿಯೇ ಹೇಳುತ್ತಿದ್ದಾನೆ.

ಹಾಗಾದರೆ ದುರಸ್ತಿಯ ಬದುಕು ಮುಗಿಯಿತೇ? ನನಗೆ ಹಾಗೆನಿಸುವುದಿಲ್ಲ. ಐವತ್ತೆರಡು ವರ್ಷ ಹಳೆಯ ಕಾರನ್ನು ಒಬ್ಬ ಹವ್ಯಾಸಿ ಮತ್ತು ಒಬ್ಬ ನಿವೃತ್ತ ಮೆಕ್ಯಾನಿಕ್ ಸೇರಿ ಒಂದು ದಿನದಲ್ಲಿ ಸರಿಪಡಿಸಲು ಸಾಧ್ಯವಾದದ್ದಕ್ಕೆ ಮೂರು ಕಾರಣಗಳಿದ್ದವು. ಮೊದಲನೆಯದು ಬಿಡಿಭಾಗದ ಲಭ್ಯತೆ. 1964ರ ಏಪ್ರಿಲ್ 17ರಂದು ಬಿಡುಗಡೆಯಾದ ಮಸ್ಟಾಂಗ್ ಎರಡೇ ವರ್ಷಗಳಲ್ಲಿ ಹತ್ತು ಲಕ್ಷ ದಾಟಿತು. ಅಷ್ಟು ಸಂಖ್ಯೆಯಲ್ಲಿ ಇದ್ದುದರಿಂದಲೇ ಅದರ ಭಾಗಗಳನ್ನು ಸ್ವತಂತ್ರ ತಯಾರಕರು ಇಂದಿಗೂ ಮಾಡುತ್ತಿದ್ದಾರೆ. ಎರಡನೆಯದು ರಚನೆ. ತಿರುಪು, ನಟ್ಟು, ಕ್ಲಿಪ್ಪುಗಳಿಂದ ಜೋಡಿಸಿದ್ದನ್ನು ಬಿಚ್ಚಬಹುದು. ಮೂರನೆಯದು ಮಾಹಿತಿ. ಕಂಪನಿಯ ಅಂದಿನ ವರ್ಕ್‌ಶಾಪ್ ಕೈಪಿಡಿಯ ಮರುಮುದ್ರಣವನ್ನು ಯಾರು ಬೇಕಾದರೂ ಕೊಳ್ಳಬಹುದು.

ಇಂದಿನ ಕಾರುಗಳಲ್ಲಿ ಈ ಮೂರೂ ದುರ್ಬಲವಾಗಿವೆ. ಕೋರುಗಳು ಈಗ ಬಹುಪಾಲು ಅಲ್ಯುಮಿನಿಯಮ್ಮಿನವು. ಹಗುರ, ಅಗ್ಗ ನಿಜ. ತಾಮ್ರದಂತೆ ಸುಲಭವಾಗಿ ಬೆಸುಗೆಗೆ ಒಗ್ಗುವುದಿಲ್ಲ. ಹಲವು ಮಾದರಿಗಳಲ್ಲಿ ಅದನ್ನು ತಲುಪಲು ಏರ್‌ಬ್ಯಾಗ್ ಸಹಿತ ಇಡೀ ಡ್ಯಾಶ್‌ಬೋರ್ಡನ್ನು ಕಳಚಬೇಕು. ಕಾರ್ಖಾನೆಯಲ್ಲಿ ಮೊದಲು ಹೀಟರ್ ಕೋರನ್ನು ನೇತುಹಾಕಿ ಆಮೇಲೆ ಅದರ ಸುತ್ತ ಕಾರು ಕಟ್ಟುತ್ತಾರೆ ಎಂದು ಮೆಕ್ಯಾನಿಕ್‌ಗಳು ನಗೆಯಾಡುವುದು ಇದಕ್ಕೇ. ಇನ್ನು ಮಾಹಿತಿ ಇರುವುದು ಕಂಪನಿಯ ಸಾಫ್ಟ್‌ವೇರಿನ ಬೀಗದೊಳಗೆ.

ಹಳೆಯದೆಲ್ಲ ಚಿನ್ನ ಎನ್ನುವುದು ನನ್ನ ವಾದವಲ್ಲ. ನನ್ನ ಮಸ್ಟಾಂಗಿನಲ್ಲಿ ಏರ್‌ಬ್ಯಾಗ್ ಇಲ್ಲ, ಹೊಗೆ ಶುದ್ಧಿಯ ಸಾಧನವಿಲ್ಲ. ಅಪಘಾತವಾದರೆ ಇಂದಿನ ಪುಟ್ಟ ಕಾರು ಕೊಡುವ ರಕ್ಷಣೆಯನ್ನೂ ಅದು ಕೊಡಲಾರದು. ದಿನನಿತ್ಯದ ಓಡಾಟಕ್ಕೆ ನಾನು ಬಳಸುವುದು ಹೊಸ ಕಾರನ್ನೇ. ಗಾಳಿ ಕೆಡಿಸುವ ಹಳೆಯ ವಾಹನಗಳು ರಸ್ತೆಯಿಂದ ಹೊರಹೋಗಬೇಕೆಂಬ ಉದ್ದೇಶದಿಂದ ಭಾರತ ಸರ್ಕಾರ 2021ರಲ್ಲಿ ಗುಜರಿ ನೀತಿಯನ್ನು ತಂದದ್ದು ಸರಿಯಾಗಿಯೇ ಇದೆ. ಅದೇ ವರ್ಷ ಐವತ್ತು ವರ್ಷ ಮೀರಿದ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯ ನಿಯಮವನ್ನೂ ರೂಪಿಸಿದ್ದು ವಿವೇಕದ ಕ್ರಮ. ಪ್ರಶ್ನೆ ಐವತ್ತು ವರ್ಷದ ಕಾರಿನದಲ್ಲ. ಇಂದು ಕೊಂಡ ಕಾರು ಹನ್ನೆರಡನೆಯ ವರ್ಷದಲ್ಲಿ ಒಂದು ಪುಟ್ಟ ಭಾಗ ಸೋರಿದ್ದಕ್ಕೆ ಗುಜರಿಗೆ ಹೋಗಬೇಕೇ ಎಂಬುದು.

ಇಲ್ಲಿ ಕಾನೂನಿಗೆ ಕೆಲಸವಿದೆ. ಬಿಡಿಭಾಗ ಮತ್ತು ತಪಾಸಣಾ ಸಾಧನಗಳು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆಂದು ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಪ್ರಕರಣ ಮೇಲ್ಮನವಿಗಳ ಹಾದಿ ಹಿಡಿಯಿತಾದರೂ ಸಮಸ್ಯೆಯನ್ನು ಗುರುತಿಸಿದ್ದೇ ದೊಡ್ಡ ಹೆಜ್ಜೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ವಾಹನ ದುರಸ್ತಿಯ ಹಕ್ಕನ್ನು ಜನಮತದ ಮೂಲಕವೇ ಎತ್ತಿಹಿಡಿದರು. ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ರಚಿಸಿ, ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆಗೆ ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು; ಅದೇ ಡಿಸೆಂಬರಿನಲ್ಲಿ ಪೋರ್ಟಲ್ ಆರಂಭವಾಯಿತು. ಕೈಪಿಡಿಯನ್ನು ಪೋರ್ಟಲಿಗೆ ಏರಿಸಿದ ಮಾತ್ರಕ್ಕೆ ದುರಸ್ತಿ ಅಗ್ಗವಾಗುವುದಿಲ್ಲ. ಭಾಗವನ್ನು ತಲುಪಲು ಎಷ್ಟು ಗಂಟೆ ಬೇಕು ಎಂಬುದನ್ನು ಕಾರು ಕೊಳ್ಳುವ ಮೊದಲೇ, ಮೈಲೇಜಿನ ಹಾಗೆ, ಗ್ರಾಹಕನಿಗೆ ತಿಳಿಸುವಂತಾದರೆ ತಯಾರಕರ ವಿನ್ಯಾಸಕಾರರೂ ತಮ್ಮ ಲೆಕ್ಕವನ್ನು ಬದಲಿಸಿಕೊಂಡಾರು. ಜನ ಲೆಕ್ಕಕ್ಕೆ ತಕ್ಕಂತೆ ನಡೆಯುವುದಾದರೆ, ಲೆಕ್ಕವನ್ನು ದುರಸ್ತಿಯ ಕಡೆಗೆ ವಾಲಿಸುವುದೇ ನೀತಿ ರೂಪಿಸುವವರ ಕರ್ತವ್ಯ. ದುರಸ್ತಿಯ ಬಗೆಗಿನ ನಮ್ಮ ಹೆಮ್ಮೆಯ ಭಾಷಣಗಳಿಂದ ಆ ಕೆಲಸ ಆಗದು.

ತಂದೆಯವರು ಆ ಡಿಸೆಂಬರಿನಲ್ಲಿ ಹಾಸನಕ್ಕೆ ಮರಳಿದರು. ಹೊರಡುವ ಹಿಂದಿನ ದಿನ ಬೆಸುಗೆ ಹಾಕಿದ ಹಳೆಯ ಕೋರನ್ನು ಎಣ್ಣೆ ಬಟ್ಟೆಯಿಂದ ಒರೆಸಿ, ಮೂತಿಗಳಿಗೆ ಕಾಗದ ತುರುಕಿ, ಗ್ಯಾರೇಜಿನ ಮೇಲಿನ ಹಲಗೆಯಲ್ಲಿ ಇಟ್ಟರು. ಈಗಲೂ ಫೋನಿನಲ್ಲಿ ಮಾತಾಡುವಾಗ 'ಮರಿ ಹೇಗಿದೆ?' ಎಂದು ವಿಚಾರಿಸುತ್ತಾರೆ. ಕಾರಿನಲ್ಲಿರುವುದು ಚೆನ್ನಾಗಿದೆ ಎಂದರೆ, 'ಅದಲ್ಲ, ಹಲಗೆ ಮೇಲಿನದು' ಎನ್ನುತ್ತಾರೆ. ಕೂಲಂಟನ್ನು ಮಾತ್ರ ನಾನು ಈಗ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸುತ್ತಿದ್ದೇನೆ.